ಬೋರಲು ಹಾಕಿದರೆ ಬಾಯಿಬಿಡುವ ಫೋನು

ಹಳೆಯ ಡಯಲ್ ಫೋನೊಂದು ಎದುರಿಗಿದ್ದರೆ ಯಾರಾದರೂ ಮಾಡುವುದು ಎರಡೇ ಕೆಲಸ. ರಿಸೀವರ್ ಎತ್ತಿ ಕಿವಿಗಿಟ್ಟುಕೊಳ್ಳುತ್ತಾರೆ, ಇಲ್ಲವೇ ಡಯಲಿನ ತೂತಿಗೆ ಬೆರಳು ಹಾಕಿ ಒಂದು ಸುತ್ತು ತಿರುಗಿಸಿ ಅದರ ಕರಕರ ಸದ್ದು ಕೇಳುತ್ತಾರೆ. ಫೋನ್ ಸಂಗ್ರಹದ ಹುಚ್ಚು ಹತ್ತಿದವರು ಇವೆರಡಕ್ಕೂ ಮೊದಲು ಅದನ್ನು ಬೋರಲು ಹಾಕುತ್ತಾರೆ. ಮೇಲಿನಿಂದ ನೋಡಿದರೆ ಕಪ್ಪು ಫೋನುಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಅವುಗಳ ಜಾತಕ ಇರುವುದು ತಳದಲ್ಲಿ.

ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಫೋನಾದರೆ ತಳದ ತಗಡಿನ ಮೇಲೆ ಮಾದರಿಯ ಸಂಖ್ಯೆ, ಅದರ ಪಕ್ಕದಲ್ಲಿ ತಿಂಗಳು, ಇಸವಿ. ಅಲ್ಲಿಗೇ ಮುಗಿಯುವುದಿಲ್ಲ. ರಿಸೀವರಿನಲ್ಲಿ ಮಾತಾಡುವ ತುದಿಯ ಮುಚ್ಚಳ ತಿರುಗಿಸಿ ತೆಗೆದರೆ ಒಳಗಿನ ಬಿಲ್ಲೆಯ ಮೇಲೊಂದು ತಾರೀಖು, ಕೇಳುವ ತುದಿಯಲ್ಲೊಂದು, ಡಯಲಿನ ಬೆನ್ನಿಗೊಂದು, ಗಂಟೆಯ ಚೌಕಟ್ಟಿನ ಮೇಲೊಂದು. ಇವೆಲ್ಲ ಒಂದೆರಡು ತಿಂಗಳ ಆಸುಪಾಸಿನವೇ ಆಗಿದ್ದರೆ ಜಾತಕ ಕೂಡಿಬಂತು ಎಂದರ್ಥ. ಸಂಗ್ರಾಹಕರ ನಡುವೆ ಅಂಥ ಫೋನಿನ ಬೆಲೆಯೇ ಬೇರೆ. ಆದರೆ ಹಾಗೆ ಕೂಡಿಬರುವುದು ಅಪರೂಪ. 1953ರ ಮೈಗೆ 1961ರ ಡಯಲು, 1958ರ ಗಂಟೆ, ಇನ್ನಾವುದೋ ವರ್ಷದ ರಿಸೀವರು ಸೇರಿಕೊಂಡ ಫೋನುಗಳೇ ಹೆಚ್ಚು.

ಹೀಗೆ ಬೆರಕೆಯಾಗುವುದಕ್ಕೆ ಕಾರಣ ಬಾಡಿಗೆ. ಹಳೆಯ ಫೋನುಗಳ ತಯಾರಕರನ್ನು ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಿ ಯಾರು ಹೆಚ್ಚು ಯಾರು ಕಡಿಮೆ ಎಂದು ಅಳೆಯುವವರು ಬೇಕೆಲೈಟಿನ ಹೊಳಪು, ಗಂಟೆಯ ನಾದ, ಡಯಲಿನ ನಯ ಎಂದೆಲ್ಲ ವಾದಿಸುತ್ತಾರೆ. ಆ ಗುಣಗಳ ಬೇರು ಇರುವುದು ಮಾತ್ರ ಒಂದು ಸರಳ ಪ್ರಶ್ನೆಯಲ್ಲಿ: ಆ ಫೋನು ಯಾರ ಸ್ವತ್ತಾಗಿತ್ತು?

ಇಪ್ಪತ್ತನೇ ಶತಮಾನದ ಬಹುಪಾಲು ಅಮೆರಿಕದ ಹೆಚ್ಚಿನ ಮನೆಗಳಲ್ಲಿದ್ದ ಫೋನು ಮನೆಯವರದಾಗಿರಲಿಲ್ಲ. ಅದು ಬೆಲ್ ಸಿಸ್ಟಂ ಎಂಬ ದೈತ್ಯ ಸಂಸ್ಥೆಯದು. ಗಿರಾಕಿ ತಿಂಗಳ ಬಾಡಿಗೆ ಕಟ್ಟುತ್ತಿದ್ದ. ‘ಬೆಲ್ ಸಿಸ್ಟಂ ಸ್ವತ್ತು, ಮಾರಾಟಕ್ಕಿಲ್ಲ’ ಎಂಬ ಒಕ್ಕಣೆ ಫೋನಿನ ಮೈಮೇಲೇ ಅಚ್ಚಾಗಿರುತ್ತಿತ್ತು. (ಇಂದು ಹರಾಜಿನಲ್ಲಿ ಕೈ ಬದಲಾಯಿಸುವ ಎಷ್ಟೋ ಫೋನುಗಳ ಮೇಲೆ ಈ ಮಾತು ಇನ್ನೂ ಸ್ಪಷ್ಟವಾಗಿ ಓದಲು ಸಿಗುತ್ತದೆ.) ಬೆಲ್‌ಗೆ ಫೋನು ಮಾಡಿಕೊಡುತ್ತಿದ್ದುದು ಅದರದೇ ಮನೆಯ ಕಂಪನಿ ವೆಸ್ಟರ್ನ್ ಎಲೆಕ್ಟ್ರಿಕ್. ಷಿಕಾಗೋ ಅಂಚಿನಲ್ಲಿ 1905ರಲ್ಲಿ ಶುರುವಾದ ಅದರ ಹಾಥಾರ್ನ್ ಕಾರ್ಖಾನೆಯಲ್ಲಿ ಉಚ್ಛ್ರಾಯದ ಕಾಲಕ್ಕೆ 40 ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಎಂಬಿಎ ಓದಿದವರು ‘ಹಾಥಾರ್ನ್ ಪ್ರಯೋಗ’ ಎಂದು ಬಾಯಿಪಾಠ ಮಾಡಿರುವುದು ಇದೇ ಕಾರ್ಖಾನೆಯ ಕೆಲಸಗಾರರ ಮೇಲೆ ನಡೆದ ಅಧ್ಯಯನವನ್ನು.

ಫೋನು ಕೆಟ್ಟರೆ ರಿಪೇರಿ ಖರ್ಚು ಬೆಲ್‌ನದೇ. ಒಬ್ಬ ಮೆಕ್ಯಾನಿಕ್‌ನನ್ನು ವ್ಯಾನು ಹತ್ತಿಸಿ ಗಿರಾಕಿಯ ಮನೆಗೆ ಕಳಿಸುವುದಕ್ಕಿಂತ ಮೂವತ್ತು ವರ್ಷ ಕೆಡದ ಫೋನು ಮಾಡುವುದೇ ಅಗ್ಗ. ಅದಕ್ಕೇ ವೆಸ್ಟರ್ನ್ ಎಲೆಕ್ಟ್ರಿಕ್ ಫೋನುಗಳು ಕಲ್ಲುಗುಂಡಿನಂತಿವೆ. ಗಿರಾಕಿ ಮನೆ ಖಾಲಿ ಮಾಡಿದಾಗ ಹಿಂದಿರುಗಿದ ಫೋನು ಕಂಪನಿಯ ದುರಸ್ತಿ ಶಾಲೆಗೆ ಹೋಗುತ್ತಿತ್ತು. ಅಲ್ಲಿ ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ, ಹೊಸ ಮನೆಗೆ ಕಳಿಸುತ್ತಿದ್ದರು. ಯಾರ ಗಂಟೆ ಯಾರ ಹೊಟ್ಟೆಗೆ ಸೇರಿತು ಎಂದು ಲೆಕ್ಕ ಇಡುವ ಗರಜು ಯಾರಿಗೂ ಇರಲಿಲ್ಲ. ತಾರೀಖುಗಳು ಬೆರೆತುಹೋದದ್ದು ಹೀಗೆ.

ಆ ಕಂಪನಿಯ ಎರಡು ಫೋನುಗಳ ಹೆಸರು ಹೇಳದೆ ಯಾವ ಸಂಗ್ರಾಹಕರ ಮಾತೂ ಮುಗಿಯುವುದಿಲ್ಲ. ಒಂದು 1937ರ 302, ಇನ್ನೊಂದು 1949-50ರ ಹೊತ್ತಿಗೆ ಬಂದ 500. ಎರಡರ ಹಿಂದೆಯೂ ಇದ್ದ ವಿನ್ಯಾಸಕಾರ ಹೆನ್ರಿ ಡ್ರೇಫಸ್. ಗೋಡೆಗೆ ಅಂಟಿಕೊಂಡ ದುಂಡನೆಯ ಹನಿವೆಲ್ ಥರ್ಮೋಸ್ಟಾಟ್ ಕೂಡ ಇವನದೇ ಕೈಚಳಕ. 302ಕ್ಕೆ ಮೊದಲಲ್ಲಿ ಎರಕದ ಲೋಹದ ಮೈ ಇತ್ತು, ಮುಂದೆ ಪ್ಲಾಸ್ಟಿಕ್ ಬಂತು. ಲೋಹದ್ದು ಸಿಕ್ಕರೆ ಅದೃಷ್ಟ.

500ರ ಡಯಲಿನ ಕಥೆ ಇನ್ನೂ ಸೊಗಸು. ಹಳೆಯ ಡಯಲುಗಳಲ್ಲಿ ಅಂಕಿಗಳು ತೂತಿನೊಳಗೇ ಇರುತ್ತಿದ್ದವು. ಬೆರಳು ಹಾಕಿದರೆ ಅಂಕಿ ಮುಚ್ಚಿಹೋಗುತ್ತಿತ್ತು, ಉಜ್ಜಿ ಉಜ್ಜಿ ಅಳಿಸಿಯೂ ಹೋಗುತ್ತಿತ್ತು. 500ರಲ್ಲಿ ಅಂಕಿಗಳನ್ನು ಚಕ್ರದ ಹೊರಗೆ, ದೊಡ್ಡದಾಗಿ ಇಟ್ಟರು. ಚೆನ್ನಾಗಿ ಕಾಣುತ್ತದೆ, ಜನ ಬೇಗ ಡಯಲ್ ಮಾಡುತ್ತಾರೆ ಎಂದುಕೊಂಡರೆ ಆದದ್ದು ಉಲ್ಟಾ. ಜನ ನಿಧಾನವಾದರು. ಬೆಲ್ ಲ್ಯಾಬ್ಸಿನ ಮನಶ್ಶಾಸ್ತ್ರಜ್ಞ ಜಾನ್ ಕಾರ್ಲಿನ್ ಕಾರಣ ಹುಡುಕಿದ: ತೂತು ಖಾಲಿಯಾಗಿದ್ದರಿಂದ ಬೆರಳಿಗೆ ಗುರಿಯೇ ಇಲ್ಲದಂತಾಗಿತ್ತು. ಪ್ರತಿ ತೂತಿನ ನಡುವೆ ಒಂದೊಂದು ಬಿಳಿ ಚುಕ್ಕೆ ಇಟ್ಟರು. ವೇಗ ಮರಳಿತು. ರಂಗೋಲಿಗೆ ಚುಕ್ಕೆ ಇಟ್ಟಷ್ಟೇ ಸರಳ ಉಪಾಯ. 500 ಕೈಗೆ ಸಿಕ್ಕರೆ ಆ ಚುಕ್ಕೆಗಳನ್ನು ಹತ್ತಿರದಿಂದ ನೋಡಬೇಕು.

ಇಷ್ಟು ಒಳ್ಳೆಯ ಫೋನಿಗೆ ಸಂಗ್ರಾಹಕರು ಹೆಚ್ಚು ಹಣ ಕೊಡಬೇಕಲ್ಲವೇ? ಇಲ್ಲ. ಕೆಡದಂತೆ ಮಾಡಿದ್ದರಿಂದಲೇ ಅವು ಹೇರಳವಾಗಿ ಉಳಿದುಕೊಂಡಿವೆ, ಉಳಿದುಕೊಂಡಿದ್ದರಿಂದಲೇ ಅಗ್ಗವಾಗಿವೆ. ಕಪ್ಪು 500 ಅಮೆರಿಕದ ಯಾವ ಹಳೆ ಸಾಮಾನಿನ ಸಂತೆಯಲ್ಲೂ ಸಿಗುತ್ತದೆ. ಬೆಲೆ ಇರುವುದು ಐವತ್ತರ ದಶಕದ ಬಣ್ಣದ ಫೋನುಗಳಿಗೆ. ಆ ಬಣ್ಣದ ಫೋನುಗಳದ್ದೋ ಬೇರೆಯೇ ಪೇಚು. ಅವುಗಳ ಮೈ ಟೆನೈಟ್ ಎಂಬ ಮೆತುವಾದ ಪ್ಲಾಸ್ಟಿಕ್ಕಿನದು. ಕಾಲ ಕಳೆದಂತೆ ಅದು ಕುಗ್ಗುತ್ತದೆ, ಬಣ್ಣಗೆಡುತ್ತದೆ, ಡಬ್ಬಿಯೊಳಗೆ ಮುಚ್ಚಿಟ್ಟರೆ ವಾಂತಿಯಂಥ ಹುಳಿ ನಾತ ಬೀರುತ್ತದೆ. ಪ್ಲಾಸ್ಟಿಕ್ಕಿನಲ್ಲಿರುವ ಬ್ಯುಟಿರಿಕ್ ಆಮ್ಲದ ಪ್ರಸಾದ ಅದು. ಕೆಟ್ಟ ಬೆಣ್ಣೆಯ ವಾಸನೆಗೂ ಇದೇ ಆಮ್ಲ ಕಾರಣ. ಮುಂದೆ ಗಟ್ಟಿ ಎಬಿಎಸ್ ಪ್ಲಾಸ್ಟಿಕ್ ಬಂದು ಈ ಕಾಟ ತಪ್ಪಿತು. ಚಂದದ ಮಾಸಲು ಗುಲಾಬಿ ಫೋನನ್ನು ದುಬಾರಿಗೆ ಕೊಂಡವರು ಅದನ್ನು ಕಿಟಕಿ ಪಕ್ಕ ಇಟ್ಟು ನಿಟ್ಟುಸಿರು ಬಿಡುವುದು ಆ ನಾತಕ್ಕೇ.

ಆದರೆ ಅಮೆರಿಕದ ಫೋನುಗಳೆಲ್ಲ ಬೆಲ್ ಮನೆಯವಲ್ಲ. ಫೋನಿನ ಮೇಲಿನ ಬೆಲ್ ಪೇಟೆಂಟುಗಳ ಅವಧಿ 1893-94ರಲ್ಲಿ ಮುಗಿಯಿತು. ಮುಗಿದದ್ದೇ ತಡ, ಅಮೆರಿಕದ ಊರೂರಲ್ಲಿ ಸ್ವತಂತ್ರ ಟೆಲಿಫೋನ್ ಕಂಪನಿಗಳು ಮಳೆಗಾಲದ ಅಣಬೆಯಂತೆ ಎದ್ದವು. ಬೆಲ್ ಇವುಗಳಿಗೆ ಫೋನು ಕೊಡುವುದಿಲ್ಲ. ಹಾಗಾಗಿ ಇವುಗಳಿಗೆಂದೇ ಬೇರೆ ತಯಾರಕರು ಹುಟ್ಟಿದರು. ಆಲ್ಫ್ರೆಡ್ ಸ್ಟ್ರಾಂಬರ್ಗ್, ಆಂಡ್ರೋವ್ ಕಾರ್ಲ್‌ಸನ್ ಎಂಬ ಇಬ್ಬರು ಸ್ವೀಡಿಷ್ ವಲಸಿಗರು 1894ರಲ್ಲಿ ಷಿಕಾಗೋದಲ್ಲಿ ಸ್ಟ್ರಾಂಬರ್ಗ್-ಕಾರ್ಲ್‌ಸನ್ ಕಟ್ಟಿದರು. ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲೇ ದುಡಿದಿದ್ದ ಮೈಲೋ ಕೆಲಾಗ್ 1897ರಲ್ಲಿ ತನ್ನ ಹೆಸರಿನ ಕಂಪನಿ ತೆರೆದ (ಬೆಳಗಿನ ಕಾರ್ನ್‌ಫ್ಲೇಕ್ಸಿನ ಕೆಲಾಗ್ ಬೇರೆ). ಕೆಲಾಗ್ ಕಾಯಿಲೆ ಬಿದ್ದಿದ್ದಾಗ ಬೆಲ್ ಗುಟ್ಟಾಗಿ ಆ ಕಂಪನಿಯ ಷೇರುಗಳನ್ನು ಕೊಂಡುಬಿಟ್ಟಿತು. ಸುದ್ದಿ ಹೊರಬಿದ್ದು, ಸಣ್ಣ ಷೇರುದಾರರು ಕೋರ್ಟು ಹತ್ತಿ, ಕೊನೆಗೆ ಆ ಖರೀದಿ ಊರ್ಜಿತವಲ್ಲ ಎಂದಾಯಿತು. ಅಷ್ಟು ಜಿದ್ದಿನ ಕಾಲ ಅದು.

ಈ ತಯಾರಕರ ಲೆಕ್ಕ ಬೆಲ್ ಲೆಕ್ಕದಂತಲ್ಲ. ಇವರು ನೂರಾರು ಪುಟ್ಟ ಕಂಪನಿಗಳ ಬಾಗಿಲಿಗೆ ಹೋಗಿ ಸರಕು ಮಾರಬೇಕು. ಪಕ್ಕದವನ ಫೋನಿಗಿಂತ ತನ್ನದು ಚಂದ ಕಾಣಬೇಕು. ಆದ್ದರಿಂದಲೇ ವೈವಿಧ್ಯ ಬೇಕೆನ್ನುವವರು ಇವರ ಕಡೆ ವಾಲುತ್ತಾರೆ. ಹಳ್ಳಿಗಳಿಗೆಂದು ಮಾಡಿದ ಓಕ್ ಮರದ ಗೋಡೆ ಫೋನುಗಳು, ಪಕ್ಕದಲ್ಲಿ ಹಿಡಿಕೆ ತಿರುವಿದರೆ ಗಂಟೆ ಬಾರಿಸುವ ಮ್ಯಾಗ್ನೆಟೊ, ಒಳಗೆ ಬ್ಯಾಟರಿಗಳು: ಇವೆಲ್ಲ ಕೆಲಾಗ್, ಸ್ಟ್ರಾಂಬರ್ಗ್ ಹೆಸರಿನಲ್ಲಿ ಇಂದಿಗೂ ಸಿಗುತ್ತವೆ. ಒಂದೇ ತಂತಿಗೆ ಹತ್ತು ರೈತರ ಮನೆ ಜೋಡಿಸಿರುತ್ತಿದ್ದ ಕಾಲ. ಯಾರಿಗೆ ಕರೆ ಬಂದರೂ ಉಳಿದವರು ಕಿವಿ ಇಡುತ್ತಿದ್ದರು. ಮುಂದೆ ಬೇಕೆಲೈಟ್ ಬಂದ ಮೇಲೆ ತೊಟ್ಟಿಲಿನಲ್ಲಿ ಕೆಂಪು ಪಟ್ಟಿ ಇರುವ ಕೆಲಾಗ್ ‘ರೆಡ್‌ಬಾರ್’, ದುಂಡು ಮೈಯ ಸ್ಟ್ರಾಂಬರ್ಗ್ ‘ಫ್ಯಾಟ್ ಬಾಯ್’ ಎಂದು ಮುದ್ದಿನ ಹೆಸರುಗಳೂ ಹುಟ್ಟಿದವು. ಒಳಗಿನ ಕೆಲಸಗಾರಿಕೆ ವೆಸ್ಟರ್ನ್ ಎಲೆಕ್ಟ್ರಿಕ್‌ನಷ್ಟು ಒಪ್ಪವಲ್ಲ ಎಂದು ಬಿಚ್ಚಿ ನೋಡಿದವರು ಹೇಳುವುದುಂಟು. ಆದರೆ ಕಪಾಟಿನಲ್ಲಿ ಸಾಲಾಗಿ ಇಟ್ಟರೆ ಕಣ್ಣು ಹೋಗುವುದು ಇವುಗಳ ಮೇಲೇ.

ಸ್ವತಂತ್ರರ ಗುಂಪಿನಲ್ಲಿ ಆಟೋಮ್ಯಾಟಿಕ್ ಎಲೆಕ್ಟ್ರಿಕ್ ಮಾತ್ರ ಬೇರೆಯೇ ಜಾತಿ. ಇದರ ಮೂಲಪುರುಷ ಆಲ್ಮನ್ ಸ್ಟ್ರೌಜರ್, ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ಏರ್ಪಾಡು ಮಾಡಿಕೊಡುತ್ತಿದ್ದವನು. ಎಕ್ಸ್‌ಚೇಂಜಿನ ಆಪರೇಟರಮ್ಮ ತನಗೆ ಬರುವ ಕರೆಗಳನ್ನು ಎದುರಾಳಿ ಅಂಗಡಿಗೆ ತಿರುಗಿಸುತ್ತಿದ್ದಾಳೆ ಎಂಬ ಅನುಮಾನ ಅವನ ತಲೆ ಹೊಕ್ಕಿತಂತೆ. ಅನುಮಾನ ನಿಜವೋ ಸುಳ್ಳೋ, ಆಪರೇಟರೇ ಬೇಡದ ಯಂತ್ರವೊಂದು ಅದರಿಂದ ಹುಟ್ಟಿತು. 1891ರಲ್ಲಿ ಪೇಟೆಂಟ್ ಸಿಕ್ಕಿತು. 1892ರ ನವೆಂಬರಿನಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಊರಿನಲ್ಲಿ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ ಕೆಲಸ ಶುರುಮಾಡಿತು. ಸ್ಟ್ರೌಜರ್‌ನ ಕಂಪನಿಯೇ ಮುಂದೆ ಆಟೋಮ್ಯಾಟಿಕ್ ಎಲೆಕ್ಟ್ರಿಕ್ ಆಯಿತು. ಬೆಲ್ ತನ್ನ ಊರುಗಳಲ್ಲಿ ಆಪರೇಟರುಗಳನ್ನೇ ನೆಚ್ಚಿಕೊಂಡಿದ್ದ ವರ್ಷಗಳಲ್ಲೇ ಇವರು ಡಯಲ್ ಮಾಡುತ್ತಿದ್ದರು. ಇವರ ‘ಮೋನೋಫೋನ್’ ಸರಣಿಯ ಕಪ್ಪು ಫೋನಿಗೆ ಕ್ರೋಮಿಯಂ ಪಟ್ಟಿಗಳನ್ನು ಹೊದಿಸಿದ ಒಂದು ರೂಪ ಇದೆ. ಹೋಟೆಲಿನ ಹಾಡಿನ ಪೆಟ್ಟಿಗೆಯಂತೆ ಮಿರುಗುವುದರಿಂದ ಅದಕ್ಕೆ ‘ಜ್ಯೂಕ್‌ಬಾಕ್ಸ್’ ಎಂದೇ ಹೆಸರು. ಸಾಲಿನಲ್ಲಿ ಒಂದೇ ಒಂದು ಅಮೆರಿಕನ್ ಫೋನಿಗೆ ಜಾಗ ಇದ್ದರೆ ಯಾವುದನ್ನು ಇಡಬೇಕೆಂಬ ಪ್ರಶ್ನೆಗೆ ಅನೇಕರ ಕೈ ಹೋಗುವುದು ಇದರ ಕಡೆಗೇ. ಅದು ತಪ್ಪಲ್ಲ.

ಅಟ್ಲಾಂಟಿಕ್ ದಾಟಿದರೆ ಎರಿಕ್ಸನ್. ಲಾರ್ಸ್ ಮ್ಯಾಗ್ನಸ್ ಎರಿಕ್ಸನ್ 1876ರಲ್ಲಿ ಸ್ಟಾಕ್‌ಹೋಮಿನಲ್ಲಿ ತಂತಿ ಯಂತ್ರಗಳ ರಿಪೇರಿ ಅಂಗಡಿ ಇಟ್ಟವನು. ಬೆಲ್ ಫೋನುಗಳು ರಿಪೇರಿಗೆ ಬಂದಾಗ ಬಿಚ್ಚಿ ನೋಡಿದ, ಎರಡೇ ವರ್ಷದಲ್ಲಿ ತಾನೇ ಮಾಡಿ ಮಾರಿದ. 1892ರಲ್ಲಿ ಅವನ ಕಂಪನಿ ತಂದ ಮೇಜಿನ ಫೋನನ್ನು ಸ್ವೀಡನ್ನಿನವರು ‘ಡ್ಯಾಕ್ಸ್‌ಹುಂಡ್ ನಾಯಿ’ ಎಂದರು. ಇಂಗ್ಲಿಷರಿಗೆ ಅದು ‘ಐಫೆಲ್ ಟವರ್’. ನಾಲ್ಕು ಬಾಗಿದ ಕರಿ ಕಾಲುಗಳು, ಮೇಲೆ ಅಡ್ಡಕ್ಕೆ ಮಲಗಿದ ರಿಸೀವರು, ಅಲ್ಲಲ್ಲಿ ಚಿನ್ನದ ಬಣ್ಣದ ಬಳ್ಳಿ. ಬರೀ ಅಲಂಕಾರ ಎಂದುಕೊಂಡರೆ ಮೋಸ. ಆ ಕಾಲುಗಳೇ ಮ್ಯಾಗ್ನೆಟೊದ ಅಯಸ್ಕಾಂತಗಳು. ಯಂತ್ರದ ಎಲುಬನ್ನೇ ಪೀಠ ಮಾಡಿದ ಇಂಥ ಜಾಣತನ ಹಾಥಾರ್ನ್‌ನ ಯಾವ ಫೋನಿನಲ್ಲೂ ಕಾಣುವುದಿಲ್ಲ. ಬೆಲೆಯೂ ಅದಕ್ಕೆ ತಕ್ಕಂತೆ ಏರಿಯೇ ಇರುತ್ತದೆ.

ಅದೇ ಕಂಪನಿಯ ಬಳಗದಿಂದ ನಲವತ್ತು ವರ್ಷಗಳ ಮೇಲೆ ಬಂದ ಬೇಕೆಲೈಟ್ ಫೋನು ಜಗತ್ತಿನ ಫೋನುಗಳ ಮುಖವನ್ನೇ ತಿದ್ದಿತು. ಅದರ ರೂಪ ಕಡೆದವನು ಯಾನ್ ಹೈಬರ್ಗ್ ಎಂಬ ನಾರ್ವೆಯ ಕಲಾವಿದ. ಅಗಲ ತಳ, ಮೇಲಕ್ಕೆ ಕಿರಿದಾಗುವ ಮೈ, ನೆತ್ತಿಯಲ್ಲಿ ತೊಟ್ಟಿಲು, ಹೊಟ್ಟೆಯೊಳಗೇ ಗಂಟೆ. ಚಿಕ್ಕ ಮಗುವಿಗೆ ‘ಹಳೇ ಫೋನು ಬರಿ’ ಎಂದರೆ ಅದು ಬರೆಯುವುದು ಇದನ್ನೇ. 1950ರ ದಶಕದ ಮಧ್ಯದಲ್ಲಿ ಎರಿಕ್ಸನ್ ಆ ರೂಪವನ್ನೂ ಕೈಬಿಟ್ಟು, ಹೆಡೆ ಎತ್ತಿದ ಹಾವಿನಂತೆ ನಿಲ್ಲುವ, ಡಯಲು ಅಡಿಯಲ್ಲಿರುವ ಎರಿಕೋಫೋನ್ ತಂದಿತು. ‘ಕೋಬ್ರಾ’ ಎಂಬ ಅಡ್ಡಹೆಸರು ಅದಕ್ಕೆ ತಾನಾಗಿಯೇ ಬಂತು. ಕೆಳಗಿಟ್ಟರೆ ಲೈನು ಕಟ್ಟಾಗುತ್ತದೆ. ಅದರ ಬಗ್ಗೆ ಒಂದು ಎಚ್ಚರಿಕೆ: ಸ್ವೀಡನ್ನಿನ ಡಯಲಿನಲ್ಲಿ ಸೊನ್ನೆ ಮೊದಲು ಬರುತ್ತದೆ. ಸೊನ್ನೆಗೆ ಒಂದು ಮಿಡಿತ, ಒಂದಕ್ಕೆ ಎರಡು, ಎರಡಕ್ಕೆ ಮೂರು. ಭಾರತ, ಬ್ರಿಟನ್, ಅಮೆರಿಕಗಳಲ್ಲಿ ಒಂದಕ್ಕೆ ಒಂದೇ, ಸೊನ್ನೆಗೆ ಹತ್ತು. ಸ್ವೀಡನ್ನಿಂದ ತರಿಸಿದ ಕೋಬ್ರಾದಲ್ಲಿ ನಮ್ಮ ನಂಬರು ತಿರುಗಿಸಿದರೆ ಯಾರೋ ಅಪರಿಚಿತರು ಎತ್ತಿಕೊಳ್ಳುತ್ತಾರೆ.

ಬ್ರಿಟನ್ನಿನಲ್ಲಿ ಫೋನಿನ ಒಡೆಯ ಅಂಚೆ ಇಲಾಖೆ. ಇಲಾಖೆ ಒಂದು ನಕ್ಷೆ ಕೊಡುತ್ತಿತ್ತು. ವುಲ್ವಿಚ್‌ನ ಸೀಮೆನ್ಸ್ ಬ್ರದರ್ಸ್, ಬೀಸ್ಟನ್ನಿನ ಎರಿಕ್ಸನ್ ಟೆಲಿಫೋನ್ಸ್, ಕವೆಂಟ್ರಿಯ ಜಿಇಸಿ, ಲಿವರ್‌ಪೂಲಿನ ಆಟೋಮ್ಯಾಟಿಕ್ ಟೆಲಿಫೋನ್ ಕಂಪನಿ ಎಲ್ಲವೂ ಅದನ್ನೇ ಮಾಡಿಕೊಡಬೇಕು. ಹಾಗಾಗಿ ಇಲ್ಲಿ ತಯಾರಕರ ನಡುವಿನ ವ್ಯತ್ಯಾಸ ಎಂದರೆ ತಳದಲ್ಲಿ ಒತ್ತಿದ ಒಂದೆರಡು ಅಕ್ಷರ ಅಷ್ಟೇ. ಇಲಾಖೆಯ ಕಾರ್ಖಾನೆಯಲ್ಲಿ ಮರುಜನ್ಮ ಪಡೆದ ಫೋನಿಗೆ ‘ಎಫ್‌ಡಬ್ಲ್ಯುಆರ್’ನಂಥ ಗುರುತು. ಸಂಗ್ರಾಹಕರು ತಲೆಕೆಡಿಸಿಕೊಳ್ಳುವುದು ಮಾದರಿಗಳ ಬಗ್ಗೆ. 1929ರ 162, 1934ರ 232 ಎರಡೂ ಗೋಪುರದಂಥ ಮೈಯವು, ನೋಡಲು ಅವಳಿಜವಳಿ. 162ರಲ್ಲಿ ಮಾತಾಡುವವನಿಗೆ ತನ್ನ ದನಿಯೇ ಕಿವಿಯಲ್ಲಿ ಜೋರಾಗಿ ಕೇಳುತ್ತಿತ್ತು. ತಾನು ಕಿರುಚುತ್ತಿದ್ದೇನೆ ಎಂದುಕೊಂಡು ಅವನು ದನಿ ತಗ್ಗಿಸಿದರೆ ಆಚೆಯವನಿಗೆ ಏನೂ ಕೇಳದು. 232ರಲ್ಲಿ ಬೇರೆ ಬಗೆಯ ಸುರುಳಿ ಹಾಕಿ ಇದನ್ನು ಸರಿಪಡಿಸಿದರು. ಎರಡರಲ್ಲೂ ಗಂಟೆ ಒಳಗಿರಲಿಲ್ಲ, ಬೇರೆ ಪೆಟ್ಟಿಗೆ ಬೇಕಿತ್ತು. 1937ರ 332 ಹೈಬರ್ಗ್‌ನ ರೂಪವನ್ನು ಹಿಡಿದು ಗಂಟೆಯನ್ನು ಒಳಗೆ ಸೇರಿಸಿಕೊಂಡಿತು. ಕಪ್ಪು, ದಂತದ ಬಣ್ಣ, ಕೆಂಪು, ಹಸಿರು ಎಂಬ ನಾಲ್ಕರಲ್ಲಿ ಹಸಿರಿಗೆ ಎಲ್ಲಿಲ್ಲದ ಬೇಡಿಕೆ.

ಮೇಲೆ ಲಿವರ್‌ಪೂಲಿನ ಹೆಸರು ಸುಮ್ಮನೆ ಬಂದದ್ದಲ್ಲ. ಸ್ಟ್ರೌಜರ್ ಯಂತ್ರಗಳನ್ನು ಬ್ರಿಟನ್ನಿನಲ್ಲಿ ಮಾಡುವ ಹಕ್ಕನ್ನು ಷಿಕಾಗೋದಿಂದ ಪಡೆದು ಹುಟ್ಟಿದ ಕಂಪನಿ ಅದು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಶುರುವಾದಾಗ ತಂತ್ರಜ್ಞಾನ ಬಂದದ್ದು ಇದೇ ಲಿವರ್‌ಪೂಲಿನಿಂದ. ಕಾನ್ಸಾಸ್ ಸಿಟಿಯ ಶವಸಂಸ್ಕಾರದವನ ಅನುಮಾನ ಷಿಕಾಗೋ, ಲಿವರ್‌ಪೂಲ್ ದಾಟಿ ಹಳೇ ಮದ್ರಾಸ್ ರಸ್ತೆಯ ಪಕ್ಕ ಬಂದು ನೆಲೆಸಿತು. ಊರಿಗೇ ದೂರವಾಣಿ ನಗರ ಎಂದು ಹೆಸರಾಯಿತು. ಐಟಿಐ ಎಂದರೆ ತಾಂತ್ರಿಕ ತರಬೇತಿ ಶಾಲೆ ಎಂದುಕೊಳ್ಳುವ ಇಂದಿನ ಹುಡುಗರಿಗೆ ಬಸ್ಸಿನ ಬೋರ್ಡಿನ ಮೇಲಿನ ಆ ಹೆಸರು ಏನನ್ನೂ ಹೇಳಲಿಕ್ಕಿಲ್ಲ. ಆದರೆ ದಶಕಗಳ ಕಾಲ ದೇಶದ ಮನೆ, ಕಚೇರಿ, ಠಾಣೆಗಳಲ್ಲಿ ಟ್ರಿಣ್ ಎಂದದ್ದು ಹೆಚ್ಚಾಗಿ ಅಲ್ಲಿಂದ ಹೊರಟ ಫೋನುಗಳೇ.

ಇಲ್ಲೂ ಬಾಡಿಗೆಯ ಕಥೆ ಅದೇ. ಫೋನು ಅಂಚೆ ಮತ್ತು ತಂತಿ ಇಲಾಖೆಯ ಸ್ವತ್ತಾಗಿತ್ತು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಬಂದ ಮೇಲೆ ಕ್ರೋಷಾ ಹೊದಿಕೆ ಹಾಕಿ, ಡಯಲಿಗೆ ಪುಟ್ಟ ಬೀಗ ಜಡಿದು, ಪಕ್ಕದ ಮನೆಯವರ ಟ್ರಂಕ್ ಕಾಲಿಗೂ ಓಗೊಡಬೇಕಿತ್ತು. ಬೆಲ್ ಫೋನಿನಂತೆ ಇದನ್ನೂ ಕೆಡದಂತೆ ಮಾಡಿದ್ದರು. ಹಾಗಿದ್ದೂ ಐಟಿಐ ಫೋನನ್ನು ಸಂಗ್ರಹಿಸುವವರು ಕಡಿಮೆ. ಹಿತ್ತಲ ಗಿಡ ಮದ್ದಲ್ಲ. ಬೆಂಗಳೂರಿನಲ್ಲಿ ಫೋನು ಕೂಡಿಡುವವರೂ ಮೊದಲು ಆಸೆಪಡುವುದು 332ಕ್ಕೆ, ಕೋಬ್ರಾಕ್ಕೆ. ಗುಜರಿ ಅಂಗಡಿಯಲ್ಲಿ ತೂಕಕ್ಕೆ ಬಿದ್ದಿರುವ ಐಟಿಐ ಫೋನಿನ ವಂಶಾವಳಿ ಅವೆರಡಕ್ಕಿಂತ ಯಾವ ರೀತಿಯಲ್ಲೂ ಬಡವಲ್ಲ.

ಭಾರತದ ಹೆಸರು ಹೊರದೇಶದ ಸಂಗ್ರಾಹಕರ ಬಾಯಲ್ಲಿ ಬರುವುದು ಇನ್ನೊಂದು ಕಾರಣಕ್ಕೆ, ಅದು ಅಷ್ಟು ಹೆಮ್ಮೆಯದಲ್ಲ. ಥಳಥಳ ಹೊಳೆಯುವ ಹಿತ್ತಾಳೆಯ ‘ಕ್ಯಾಂಡಲ್‌ಸ್ಟಿಕ್’ ಫೋನುಗಳು, ಅಂದರೆ ದೀಪದ ಕಂಬದಂತೆ ನೆಟ್ಟಗೆ ನಿಂತು ಪಕ್ಕದಲ್ಲಿ ಕೇಳುವ ಕೊಳವೆ ತೂಗುವ ಫೋನುಗಳು, ಇಲ್ಲಿಂದ ಹಡಗು ಹತ್ತುತ್ತವೆ. ಅಲಂಕಾರದ ಸಾಮಾನೆಂದು ಮಾರಿದರೆ ತಕರಾರಿಲ್ಲ. ನೂರು ವರ್ಷ ಹಳೆಯದೆಂದು ಮಾರುವುದೇ ಸಮಸ್ಯೆ. ಗುರುತಿಸುವುದು ಕಷ್ಟವೇನಲ್ಲ. ವೆಸ್ಟರ್ನ್ ಎಲೆಕ್ಟ್ರಿಕ್‌ನ ಅಸಲಿ ಕಂಬಗಳಲ್ಲಿ ಹಿತ್ತಾಳೆ ಸಾಮಾನ್ಯವಾಗಿ ಕಪ್ಪು ಬಣ್ಣದಡಿ ಅಡಗಿರುತ್ತದೆ. ಬರಿ ಹಿತ್ತಾಳೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಯಾರೋ ಬಣ್ಣ ಕೆರೆದಿದ್ದಾರೆ, ಇಲ್ಲವೇ ಅದು ಮೊನ್ನೆ ಮಾಡಿದ್ದು. ಡಯಲಿನ ತೂತುಗಳಲ್ಲಿ ಒತ್ತುವ ಗುಂಡಿಗಳಿದ್ದರೆ ಮಾತೇ ಬೇಡ. ಅಸಲಿಯ ಮೇಲೆ ಸಾಲಾಗಿ ಪೇಟೆಂಟ್ ತಾರೀಖುಗಳನ್ನು ಕೊರೆದಿರುತ್ತಾರೆ. ಮಾರುವವರು ಅದನ್ನೇ ಫೋನು ಹುಟ್ಟಿದ ದಿನ ಎಂದು ಹೇಳಿಬಿಡುತ್ತಾರೆ. ಪೇಟೆಂಟ್ ಸಿಕ್ಕ ಎಷ್ಟೋ ವರ್ಷಗಳ ನಂತರವೂ ಅದೇ ಮುದ್ರೆಯಲ್ಲಿ ಫೋನು ತಯಾರಾಗುತ್ತಿತ್ತು.

ಕೊಂಡು ತಂದ ಫೋನು ಮಾತಾಡುವುದೇ? ಗಂಟೆ ಬಾರಿಸುತ್ತದೆ, ದನಿಯೂ ಕೇಳುತ್ತದೆ. ಆದರೆ ಫೈಬರ್ ಲೈನಿನ ಇಂದಿನ ಎಷ್ಟೋ ಪೆಟ್ಟಿಗೆಗಳಿಗೆ ಡಯಲಿನ ಮಿಡಿತದ ಭಾಷೆ ಗೊತ್ತಿಲ್ಲ. ಮಿಡಿತವನ್ನು ಗುಂಡಿ ಫೋನಿನ ಸ್ವರಕ್ಕೆ ತರ್ಜುಮೆ ಮಾಡುವ ಪುಟ್ಟ ಸಾಧನವೊಂದನ್ನು ನಡುವೆ ಜೋಡಿಸಬೇಕಾಗುತ್ತದೆ. ಅದಕ್ಕೂ ಮೊದಲು ಡಯಲು ಆರೋಗ್ಯವಾಗಿದೆಯೇ ಎಂದು ನೋಡಬೇಕು. ಷಿಕಾಗೋ, ಲಿವರ್‌ಪೂಲ್, ಬೆಂಗಳೂರು ಯಾವುದರ ಫೋನಾದರೂ ಸರಿ, ಡಯಲು ಸೆಕೆಂಡಿಗೆ ಹತ್ತು ಮಿಡಿತದ ಲೆಕ್ಕದಲ್ಲಿ ಹಿಂದಿರುಗಬೇಕು. ಆ ವೇಗ ಕಾಯುವುದಕ್ಕೆಂದೇ ಡಯಲಿನ ಬೆನ್ನಿಗೆ ಗಿರಗಿರನೆ ಸುತ್ತುವ ಪುಟ್ಟ ಗವರ್ನರ್ ಇರುತ್ತದೆ. ಸೊನ್ನೆಯನ್ನು ಕೊನೆಯ ತನಕ ಎಳೆದು ಬಿಟ್ಟು ಕಿವಿಗೊಡಬೇಕು. ಒಂದು ಸೆಕೆಂಡಿಗೆ ತುಸು ಹೆಚ್ಚು ಹೊತ್ತಿನಲ್ಲಿ, ಏರಿಳಿತವಿಲ್ಲದ ಸದ್ದಿನಲ್ಲಿ ಮನೆ ಸೇರಿದರೆ ಗ್ರೀಸು ಇನ್ನೂ ಜೀವಂತ. ಅರ್ಧ ದಾರಿಯಲ್ಲಿ ಮುಗ್ಗರಿಸಿ ತೆವಳಿಕೊಂಡು ಬಂದರೆ ಬೆಲೆಯಲ್ಲಿ ಚೌಕಾಸಿ ಶುರುಮಾಡಬಹುದು.